ತಪ್ಪು ಹೆಜ್ಜೆಯ ಮೂಲ ಎಲ್ಲಿ?

ಕೈ ನಡುಗುತ್ತದೆ, ಲೋಟ ತುಟಿಗೆ ತಾಗುವಷ್ಟರಲ್ಲಿ ಅರ್ಧ ಚಹಾ ಚೆಲ್ಲಿರುತ್ತದೆ. ನಡೆದರೆ ಕುಡಿದವರಂತೆ ತೂರಾಟ, ಕತ್ತಲಾದರೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗದು. ಓದುಗರು ಮತ್ತೆ ಮತ್ತೆ ಕೇಳುವ ಈ ತೊಂದರೆಗಳಿಗೆಲ್ಲ ನಮ್ಮಲ್ಲಿ ಒಂದೇ ಹೆಸರು ಚಾಲ್ತಿಯಲ್ಲಿದೆ, ನರ ದೌರ್ಬಲ್ಯ. ಥಾಣೆಯಿಂದ ಕಲ್ಯಾಣದವರೆಗೆ ಯಾವ ಮೆಡಿಕಲ್ ಸ್ಟೋರಿನ ಕಟ್ಟೆಯ ಮುಂದೆ ನಿಂತು ಈ ಹೆಸರು ಹೇಳಿದರೂ ಒಂದು ಟಾನಿಕ್ಕೋ ಕೆಂಪು ಮಾತ್ರೆಯೋ ಕೈಗೆ ಬರುತ್ತದೆ. ಹೆಸರು ಸಿಕ್ಕಿತೆಂದು ಮನೆಯವರಿಗೆ ಸಮಾಧಾನ, ಆದರೆ ಆ ಹೆಸರು ರೋಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೆಜ್ಜೆ ತಪ್ಪುವುದು ಒಂದು ಲಕ್ಷಣ ಮಾತ್ರ. ಅದರ ಮೂಲ ಒಳಗಿವಿಯಲ್ಲಿರಬಹುದು, ಕಿರುಮೆದುಳಿನಲ್ಲಿರಬಹುದು, ನರದ ಹೊದಿಕೆಯಲ್ಲಿ, ಸ್ನಾಯುವಿನಲ್ಲಿ, ಸೊಂಟದ ಮೂಳೆಯಲ್ಲಿ, ಕಡೆಗೆ ಊಟದ ತಟ್ಟೆಯಲ್ಲೂ ಇರಬಹುದು. ಮೂಲ ಯಾವುದೆಂದು ಹುಡುಕದೆ ಕೊಡುವ ಔಷಧ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಇದಕ್ಕೆ ಬಲವಾದ ಸಾಕ್ಷ್ಯ ಬಂದಿರುವುದು ಯಾರೂ ನಿರೀಕ್ಷಿಸದ ಕಡೆಯಿಂದ, ವಂಶವಾಹಿ ಕೆಟ್ಟು ನೆಟ್ಟಗೆ ನಡೆಯಲಾರದೆ ಹುಟ್ಟಿದ ಸುಂಡಿಲಿಗಳಿಂದ.

ಸಂಜೆಯ ಲೋಕಲ್ ಹೊತ್ತಿಗೆ ಸರಿಯಾಗಿ ಡೊಂಬಿವಲಿಗೆ ಬರಲಿಲ್ಲ ಎಂದಿಟ್ಟುಕೊಳ್ಳಿ. ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಕಾಣುವುದು ಒಂದೇ ಸಂಗತಿ, ಗಾಡಿ ಇಲ್ಲ. ದಿವಾದ ಗೇಟು ಮುಚ್ಚಲಾಗದೆ ಹೋಗಿರಬಹುದು, ಕಲವಾದ ಬಳಿ ಸಿಗ್ನಲ್ ಕೆಟ್ಟಿರಬಹುದು, ಮೇಲಿನ ತಂತಿ ಹರಿದಿರಬಹುದು, ಮೋಟಾರೇ ಕೈಕೊಟ್ಟಿರಬಹುದು. ತಂತಿ ಹರಿದಾಗ ಗೇಟ್‌ಮನ್ನನ್ನು ಬದಲಾಯಿಸಿ ಪ್ರಯೋಜನವಿಲ್ಲ. ದೇಹದ ಚಲನೆಯೂ ಹೀಗೆ ಹಲವು ಠಾಣೆಗಳನ್ನು ದಾಟಿ ಬರುವ ಕೆಲಸ. ಮನುಷ್ಯರಲ್ಲಿ ಯಾವ ಠಾಣೆ ಕೆಟ್ಟಿದೆ ಎಂದು ತಿಳಿಯುವುದು ಕಷ್ಟ, ಏಕೆಂದರೆ ಒಬ್ಬೊಬ್ಬರ ವಯಸ್ಸು, ಊಟ, ಕುಡಿತ, ಸಕ್ಕರೆ ಕಾಯಿಲೆ, ವಂಶ ಎಲ್ಲವೂ ಬೇರೆ. ಪ್ರಯೋಗಾಲಯದ ಸುಂಡಿಲಿಯಲ್ಲಿ ಈ ಗೋಜಲು ಇಲ್ಲ. ಒಂದು ಶುದ್ಧ ತಳಿ ಎನಿಸಿಕೊಳ್ಳಬೇಕಾದರೆ ಕನಿಷ್ಠ 20 ತಲೆಮಾರು ಅಣ್ಣ ತಂಗಿಯರನ್ನೇ ಕೂಡಿಸಿರಬೇಕು. ಆಗ ಗೂಡಿನ ಇಲಿಗಳೆಲ್ಲ ಹೆಚ್ಚುಕಡಿಮೆ ಅವಳಿಗಳಂತಿರುತ್ತವೆ. ಅಂಥ ಗೂಡಿನಲ್ಲಿ ಒಂದು ಮರಿ ತೂರಾಡಿದರೆ, ಉಳಿದವುಗಳಿಗೂ ಅದಕ್ಕೂ ಇರುವ ವ್ಯತ್ಯಾಸ ಬಹುಶಃ ಒಂದೇ ಒಂದು ವಂಶವಾಹಿಯದು. ಗೊಂದಲದ ಉಳಿದೆಲ್ಲ ಎಳೆಗಳನ್ನು ಕತ್ತರಿಸಿ ಒಂದನ್ನೇ ಎಳೆದು ನೋಡುವ ಅವಕಾಶ ಇದು.

ಇಂಥ ಮ್ಯುಟೆಂಟ್, ಅಂದರೆ ವಂಶವಾಹಿ ಬದಲಾದ, ಇಲಿಗಳೆಂದರೆ ಎಲ್ಲವೂ ಸೂಜಿ ಚುಚ್ಚಿ ತಯಾರಿಸಿದವು ಎಂಬ ಕಲ್ಪನೆ ಇದೆ. ಹಳೆಯವು ಬಹುಪಾಲು ತಾನಾಗಿ ಹುಟ್ಟಿದವು, ಸಾಕುವವರ ಕಣ್ಣು ಚುರುಕಾಗಿದ್ದುದರಿಂದ ಉಳಿದವು. ನಮ್ಮ ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಆಕ್ಟ್ರೆಕ್, ಅಂದರೆ ಟಾಟಾ ಮೆಮೋರಿಯಲ್ ಕೇಂದ್ರದ ಸಂಶೋಧನಾ ಆವರಣ, ಇದಕ್ಕೆ ಹತ್ತಿರದ ಉದಾಹರಣೆ. 1952ರಲ್ಲಿ ಪರೇಲಿನಲ್ಲಿ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್ ಎಂದು ಶುರುವಾಗಿ 2002ರಲ್ಲಿ ಖಾರ್ಘರ್‌ಗೆ ಬಂದ ಈ ಸಂಸ್ಥೆ ತನ್ನದೇ ಇಲಿ ತಳಿಗಳನ್ನು ಬೆಳೆಸಿಕೊಂಡಿದೆ. ಐಸಿಆರ್‌ಸಿ ಎಂಬ ತಳಿಗೆ ಸಂಸ್ಥೆಯ ಹಳೆಯ ಹೆಸರೇ ಅಂಟಿದೆ. ಅಲ್ಲಿನ ಸ್ವಿಸ್ ಇಲಿಗಳ ನಡುವೆ ಮೈಮೇಲೆ ರೋಮವಿಲ್ಲದ ಒಂದು ಮ್ಯುಟೆಂಟ್ ಕೂಡ ಹೀಗೇ ತಾನಾಗಿ ಕಾಣಿಸಿಕೊಂಡು, ಬೇರೆ ತಳಿಯಾಗಿ ಉಳಿಯಿತು. ಖಾರ್ಘರ್‌ನ ಇಲಿಗಳ ಕೆಲಸ ಕ್ಯಾನ್ಸರಿಗೆ ಸಂಬಂಧಿಸಿದ್ದು. ನಡಿಗೆ ಕೆಟ್ಟ ಇಲಿಗಳ ಚರಿತ್ರೆ ನಡೆದದ್ದು ಹೆಚ್ಚಾಗಿ ಬ್ರಿಟನ್ ಮತ್ತು ಅಮೆರಿಕದಲ್ಲಿ. ಎರಡೂ ಕತೆಗಳು ಒಂದು ಕಡೆ ಸಂಧಿಸುತ್ತವೆ, ಅಲ್ಲಿಗೆ ಆಮೇಲೆ ಬರೋಣ. ಮೊದಲು ಇಲಿಯ ನಡಿಗೆಯನ್ನು ಅಳೆಯುವ ಬಗೆ ನೋಡಬೇಕು. ರೋಟರಾಡ್ ಎಂಬ ಯಂತ್ರದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಗೀರುಗೀರಾದ ಒಂದು ಉರುಳೆ ಅಡ್ಡಲಾಗಿ ಸುತ್ತುತ್ತಿರುತ್ತದೆ. ಇಲಿಯನ್ನು ಅದರ ಮೇಲೆ ಬಿಟ್ಟು ವೇಗವನ್ನು 5 ನಿಮಿಷಗಳಲ್ಲಿ ನಿಮಿಷಕ್ಕೆ 4 ಸುತ್ತಿನಿಂದ 40 ಸುತ್ತಿಗೆ ಏರಿಸುತ್ತಾರೆ. ಇಲಿ ಮುಂದಕ್ಕೆ ಹೆಜ್ಜೆ ಹಾಕುತ್ತ, ಬಾಲವನ್ನು ಆಚೀಚೆ ಬೀಸುತ್ತ ನಿಲ್ಲಲು ನೋಡುತ್ತದೆ. ಕೆಳಗಿನ ತಟ್ಟೆಗೆ ಬಿದ್ದ ಕ್ಷಣ ಗಡಿಯಾರ ನಿಲ್ಲುತ್ತದೆ. ಇನ್ನೊಂದು ಪರೀಕ್ಷೆ ಇನ್ನೂ ಸರಳ. ಮುಂಗಾಲಿಗೆ ಒಂದು ಬಣ್ಣ, ಹಿಂಗಾಲಿಗೆ ಇನ್ನೊಂದು ಬಣ್ಣ ಬಳಿದು ಬಿಳಿ ಕಾಗದ ಹಾಸಿದ ಇಕ್ಕಟ್ಟಿನ ಓಣಿಯಲ್ಲಿ ನಡೆಸುತ್ತಾರೆ. ಆರೋಗ್ಯವಂತ ಇಲಿಯ ಹಿಂಗಾಲಿನ ಗುರುತು ಮುಂಗಾಲಿನ ಗುರುತಿನ ಮೇಲೆಯೇ ಬೀಳುತ್ತದೆ, ಕೆಟ್ಟ ನಡಿಗೆಯದು ಅಗಲವಾಗಿ ಚೆದುರುತ್ತದೆ. ಆದರೆ ಈ ಪರೀಕ್ಷೆಗಳು ಹೇಳುವುದು ತೊಂದರೆ ಇದೆ ಎಂದಷ್ಟೇ. ಉರುಳೆಯಿಂದ ಬಿದ್ದ ಇಲಿಗಳನ್ನೆಲ್ಲ ಒಂದೇ ಪಂಗಡಕ್ಕೆ ಸೇರಿಸಿದ್ದರೆ ವಿಜ್ಞಾನವೂ ನರ ದೌರ್ಬಲ್ಯದಲ್ಲೇ ನಿಂತುಬಿಡುತ್ತಿತ್ತು.

ಒಳಗೆ ಹೊಕ್ಕು ನೋಡಿದಾಗ ಕಂಡದ್ದು ಬೇರೆ. ಎಡಿನ್‌ಬರೋದಲ್ಲಿ ಸಿಕ್ಕ, 1951ರಲ್ಲಿ ಫಾಲ್ಕನರ್ ವಿವರಿಸಿದ ರೀಲರ್ ಎಂಬ ಇಲಿ ತೂರಾಡುತ್ತಿತ್ತು, ಬದಿಗೆ ಉರುಳುತ್ತಿತ್ತು. ಅದರ ವಂಶವಾಹಿ ಕೈಗೆ ಸಿಕ್ಕಿದ್ದು 1995ರಲ್ಲಿ. ಮಿದುಳು ಬೆಳೆಯುವಾಗ ಹೊಸ ಜೀವಕೋಶಗಳು ಎಲ್ಲಿಗೆ ಹೋಗಿ ನೆಲೆಸಬೇಕು ಎಂದು ಸೂಚಿಸುವ ರೀಲಿನ್ ಎಂಬ ಪ್ರೊಟೀನನ್ನು ಆ ವಂಶವಾಹಿ ತಯಾರಿಸುತ್ತದೆ. ಅದಿಲ್ಲದೆ ಕೋಶಗಳು ಹುಟ್ಟಿದರೂ ತಮ್ಮ ಪದರ ಸೇರುವುದಿಲ್ಲ, ಕಿರುಮೆದುಳು ಕುಗ್ಗಿರುತ್ತದೆ. ವೀವರ್ ಎಂಬ ಇಲಿಯೂ ನಡುಗುತ್ತದೆ, ಓಲಾಡುತ್ತದೆ. ಅದರ ಕತೆ ಪೊಟ್ಯಾಸಿಯಮ್ ಹಾದುಹೋಗುವ ಕೋಶದ ಒಂದು ಬಾಗಿಲಿನದು. ಪ್ರೊಟೀನಿನ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದರಿಂದ ಆ ಬಾಗಿಲು ಸೋಡಿಯಮ್ಮನ್ನೂ ಒಳಗೆ ಬಿಡುತ್ತದೆ. ಕಿರುಮೆದುಳಿನ ಕಣಕೋಶಗಳು ಸಾಯುತ್ತವೆ, ಪಾರ್ಕಿನ್ಸನ್ ರೋಗದಲ್ಲಿ ಸಾಯುವಂಥ ಡೋಪಮೈನ್ ಕೋಶಗಳೂ ಕೆಲವು ನಾಶವಾಗುತ್ತವೆ. ಲರ್ಚರ್ ಇಲಿಯಲ್ಲಿ ಪರ್ಕಿಂಜೆ ಎಂಬ ದೊಡ್ಡ ನರಕೋಶಗಳ ಮೇಲಿನ ಒಂದು ಗ್ರಾಹಕ ಮುಚ್ಚಿಕೊಳ್ಳುವುದೇ ಇಲ್ಲ ಎಂದು 1997ರಲ್ಲಿ ಗೊತ್ತಾಯಿತು. ಕಿರುಮೆದುಳಿನ ತೊಗಟೆಯಿಂದ ಹೊರಹೋಗುವ ಆಜ್ಞೆಯೆಲ್ಲ ಈ ಪರ್ಕಿಂಜೆ ಕೋಶಗಳ ಮೂಲಕವೇ ಸಾಗಬೇಕು. ಹುಟ್ಟಿದ ಎರಡನೆಯ ವಾರದಿಂದ ಅವು ಸಾಯತೊಡಗಿ, ಇಲಿ ಬೆಳೆದು ನಿಲ್ಲುವ ಹೊತ್ತಿಗೆ ಹೆಚ್ಚುಕಡಿಮೆ ಒಂದೂ ಉಳಿದಿರುವುದಿಲ್ಲ. ಮೂರೂ ಇಲಿಗಳ ತೂರಾಟ ದೂರದಿಂದ ಒಂದೇ ಥರ, ಮೂರರಲ್ಲೂ ಕೆಟ್ಟದ್ದು ಕಿರುಮೆದುಳೇ. ಆದರೂ ಒಂದರಲ್ಲಿ ಕೋಶಗಳು ದಾರಿ ತಪ್ಪಿವೆ, ಇನ್ನೊಂದರಲ್ಲಿ ಬರಬಾರದ್ದು ಒಳಗೆ ಬಂದಿದೆ, ಮತ್ತೊಂದರಲ್ಲಿ ಮುಚ್ಚಬೇಕಾದದ್ದು ಮುಚ್ಚಿಲ್ಲ. ಒಂದಕ್ಕೆ ಹಿಡಿಯುವ ಮದ್ದು ಇನ್ನೊಂದಕ್ಕೆ ಹಿಡಿಯಲು ಕಾರಣವೇ ಇಲ್ಲ.

ಕಿರುಮೆದುಳಿನ ಆಚೆಗೂ ವಿಳಾಸಗಳಿವೆ. ಶಿವರರ್ ಇಲಿಯ ನಡುಕಕ್ಕೆ ಕಾರಣ ನರತಂತುಗಳ ಮೇಲಿನ ಮಯಲಿನ್ ಹೊದಿಕೆ. ಅದನ್ನು ಬಿಗಿಯಾಗಿ ಸುತ್ತಿಡುವ ಒಂದು ಪ್ರೊಟೀನಿನ ವಂಶವಾಹಿ ಬಹುಪಾಲು ಕಳಚಿಹೋಗಿರುವುದರಿಂದ ಸಂದೇಶಗಳು ಸರಿಯಾದ ವೇಗದಲ್ಲಿ ಸಾಗುವುದಿಲ್ಲ. 1987ರಲ್ಲಿ ಆ ಇಲಿಗಳ ಭ್ರೂಣಕ್ಕೆ ಸರಿಯಾದ ವಂಶವಾಹಿಯನ್ನು ಸೇರಿಸಿದಾಗ ನಡುಕ ನಿಂತಿತು, ಎಳೆಯ ಪ್ರಾಯದಲ್ಲೇ ಸಾಯಬೇಕಾದವು ಬದುಕಿದವು. ಕಾರಣ ಇದೇ ಎಂದು ಹೇಳಲು ಇದಕ್ಕಿಂತ ಗಟ್ಟಿಯಾದ ಪುರಾವೆ ಜೀವವಿಜ್ಞಾನದಲ್ಲಿ ಸಿಗುವುದು ಅಪರೂಪ, ತೆಗೆದಾಗ ರೋಗ ಬರಬೇಕು, ಮರಳಿ ಇಟ್ಟಾಗ ಹೋಗಬೇಕು. ಇನ್ನು ಶೇಕರ್ ಒಂದು ಎಂದು ಕರೆಯುವ ಇಲಿ ತಲೆ ಅಲ್ಲಾಡಿಸುತ್ತ ತನ್ನ ಸುತ್ತಲೇ ಗಿರಗಿರನೆ ತಿರುಗುತ್ತದೆ. ನೋಡಿದವರಿಗೆ ತಲೆಯೇ ಕೆಟ್ಟಿದೆ ಅನ್ನಿಸಬೇಕು. ಅದರ ದೋಷ ಒಳಗಿವಿಯ ಸೂಕ್ಷ್ಮ ರೋಮಕೋಶಗಳಲ್ಲಿದೆ. ಆ ಕೋಶಗಳು ಕೇಳುವುದಕ್ಕೂ ಬೇಕು, ಸಮತೋಲಕ್ಕೂ ಬೇಕು, ಹಾಗಾಗಿ ಇಲಿ ಕಿವುಡೂ ಹೌದು. ಅದೇ ವಂಶವಾಹಿ ಕೆಟ್ಟ ಮನುಷ್ಯರಲ್ಲಿ ಹುಟ್ಟುಕಿವುಡು, ತಡವಾಗಿ ನಡೆಯುವುದು, ಆಮೇಲೆ ಇರುಳುಗಣ್ಣು ಬರುವ ಅಷರ್ ಸಿಂಡ್ರೋಮ್ ಕಾಣಿಸುತ್ತದೆ. ಕಿವಿ ಕೇಳದ ಮಗು ಒಂದೂವರೆ ವರ್ಷ ಕಳೆದರೂ ನಡೆಯದಿದ್ದರೆ ಕಾಲಿಗೆ ಎಣ್ಣೆ ತಿಕ್ಕುತ್ತ ಕೂರದೆ ಕಣ್ಣನ್ನೂ ಪರೀಕ್ಷಿಸಬೇಕು ಎಂಬ ತಿಳಿವಳಿಕೆಗೆ ಆ ಸುತ್ತುವ ಇಲಿಯ ಪಾಲೂ ಇದೆ.

ಇದೆಲ್ಲ ಪ್ರಯೋಗಾಲಯದ ಮಾತು ಎನ್ನುವವರು ನಮ್ಮ ಸಾಗರ ತಾಲೂಕಿನ ಹಂದಿಗೋಡನ್ನು ನೆನೆಯಬೇಕು. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಹಳ್ಳಿಗಳ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲು ಹಿಡಿದು, ನಡೆಯುವುದೇ ದುಸ್ತರವಾಗುವ ಕಾಯಿಲೆ ಸುದ್ದಿಯಾಯಿತು. ಮೊದಲು ಬಂದ ಅನುಮಾನ ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ತಿಂದವರಿಗೆ ಹೀಗಾಯಿತು ಎಂದು. ಅನುಮಾನಕ್ಕೆ ಆಧಾರವಿತ್ತು, ಏಡಿ ತಿನ್ನುತ್ತಿದ್ದವರು ಬಡ ಕೂಲಿಗಳೇ. ಆದರೆ ರೋಗ ಊಟದ ಹಿಂದೆ ಹೋಗದೆ ರಕ್ತಸಂಬಂಧದ ಹಿಂದೆ ಹೋಗುತ್ತಿತ್ತು. 1977ರಲ್ಲೇ ಸಂಶೋಧಕರು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು. ಮುಂದೆ ಎಕ್ಸ್-ರೇ ಮತ್ತು ವಂಶವೃಕ್ಷಗಳ ಅಧ್ಯಯನದಿಂದ ಇದು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು ಎಂದು ತೀರ್ಮಾನವಾಯಿತು. ಇದಕ್ಕೆ ಪೂರ್ತಿ ತಿರುಗುಮುರುಗಾದ ಕತೆ ಕೇಸರಿ ಬೇಳೆಯದು, ವಿದರ್ಭದವರು ಲಾಖ್ ಎನ್ನುವ ಬೇಳೆ. ಬರಗಾಲದಲ್ಲಿ ಅದನ್ನೇ ತಿಂಗಳುಗಟ್ಟಲೆ ತಿಂದವರ ಕಾಲು ಸೆಟೆದು, ಕತ್ತರಿಯಂತೆ ಒಂದರ ಮೇಲೊಂದು ಬರುತ್ತದೆ. ಮನೆಮನೆಗೂ ಬರುವುದರಿಂದ ಇದು ವಂಶದ ರೋಗದಂತೆಯೇ ಕಾಣಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ 1964ರಲ್ಲಿ ಬೇಳೆಯೊಳಗಿನ ನರವಿಷವನ್ನು ಬೇರ್ಪಡಿಸಿ ತೋರಿಸಿದರು. ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಅವರ ಸಹೋದ್ಯೋಗಿಗಳು ಸುಂಡಿಲಿಗಳಲ್ಲಿ ನೋಡಿದಾಗ ಆ ವಿಷ ಬೆನ್ನುಹುರಿಯ ಕೆಳಭಾಗದ ಕೋಶಗಳ ಶಕ್ತಿ ಉತ್ಪಾದನೆಯನ್ನೇ ಕೆಡಿಸುತ್ತಿತ್ತು. ಹೆಣ್ಣಿಲಿಗಳು ಮಾತ್ರ ಬಹುಮಟ್ಟಿಗೆ ಪಾರಾಗುತ್ತಿದ್ದವು, ಈಸ್ಟ್ರೋಜನ್ನಿನ ಬಲದಿಂದ ಅವುಗಳಲ್ಲಿ ಒಂದು ರಕ್ಷಕ ಕಿಣ್ವ ಹೆಚ್ಚಿರುವುದೇ ಕಾರಣ. ಮನುಷ್ಯರಲ್ಲೂ ಈ ರೋಗಕ್ಕೆ ಗಂಡಸರೇ ಹೆಚ್ಚು ತುತ್ತಾಗುವುದನ್ನು ವೈದ್ಯರು ಮೊದಲಿನಿಂದ ಕಂಡಿದ್ದರು. ಹಂದಿಗೋಡಿನಲ್ಲಿ ವಿಷವೆಂದು ತೋರಿದ್ದು ವಂಶದ್ದಾಗಿತ್ತು, ಇಲ್ಲಿ ವಂಶದ್ದೆಂದು ತೋರಬಹುದಾದದ್ದು ವಿಷದ್ದಾಗಿತ್ತು. ಕಣ್ಣಿಗೆ ಕಾಣುವ ನಡಿಗೆಯಿಂದ ಕಾರಣ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಮನೆಹತ್ತಿರದ ಉದಾಹರಣೆ ಬೇಕಿಲ್ಲ.

ಇಲಿಗೂ ಮನುಷ್ಯನಿಗೂ ಏನು ಸಂಬಂಧ ಎಂಬುದು ಮೊದಲ ಆಕ್ಷೇಪ, ಅದರಲ್ಲಿ ಹುರುಳಿದೆ. ಖಾರ್ಘರ್‌ನ ಕ್ಯಾನ್ಸರ್ ಕತೆಯೂ ನಡಿಗೆಯ ಕತೆಯೂ ಸಂಧಿಸುವುದು ಇಲ್ಲೇ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಉದ್ದ ಹೆಸರಿನ ಕಾಯಿಲೆಯಲ್ಲಿ ಮಗು ನಡೆಯಲು ಕಲಿತು, ಆಮೇಲೆ ತೂರಾಡತೊಡಗಿ, ಹತ್ತರ ಆಸುಪಾಸಿನಲ್ಲಿ ಗಾಲಿಕುರ್ಚಿ ಹಿಡಿಯುತ್ತದೆ. ಕಣ್ಣಿನ ಬಿಳಿಯಲ್ಲಿ ಕೆಂಪು ನಾಳಗಳು ಹೆಣೆದುಕೊಳ್ಳುತ್ತವೆ, ರಕ್ತದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ. 1995ರಲ್ಲಿ ಸಿಕ್ಕ ಇದರ ವಂಶವಾಹಿ ಎಟಿಎಂ, ತುಂಡಾದ ಡಿಎನ್‌ಎಯನ್ನು ರಿಪೇರಿ ಮಾಡಲು ಎಚ್ಚರಿಕೆ ಕೊಡುವ ಪ್ರೊಟೀನಿನದು. ಮರುವರ್ಷವೇ ಅದನ್ನು ಅಳಿಸಿದ ಇಲಿಗಳು ಸಿದ್ಧವಾದವು. ಅವುಗಳಲ್ಲಿ ಬಹುಪಾಲು ಕೆಲವೇ ತಿಂಗಳಲ್ಲಿ ಥೈಮಸ್ ಗ್ರಂಥಿಯ ಕ್ಯಾನ್ಸರಿನಿಂದ ಸತ್ತವು. ಆದರೆ ರೋಟರಾಡ್‌ನಲ್ಲಿ ತುಸು ಹಿಂದೆ ಬಿದ್ದದ್ದು ಬಿಟ್ಟರೆ ಮಕ್ಕಳಂತೆ ತೂರಾಡಲಿಲ್ಲ, ಕಿರುಮೆದುಳು ಸವೆಯಲಿಲ್ಲ. ಸ್ನಾಯುಗಳು ಕರಗುವ ಡುಷೆನ್ ಕಾಯಿಲೆಯದೂ ಇದೇ ಹಾಡು. ಹುಡುಗರು ಹನ್ನೆರಡರ ಹೊತ್ತಿಗೆ ನಡಿಗೆ ಕಳೆದುಕೊಂಡರೆ, ಆ ಹುಡುಗರಲ್ಲಿ ಇಲ್ಲದ ಸ್ನಾಯುವಿನ ಪ್ರೊಟೀನೇ ತನ್ನಲ್ಲೂ ಇಲ್ಲದ, 1984ರಲ್ಲಿ ವರದಿಯಾದ ಎಂಡಿಎಕ್ಸ್ ಇಲಿ ಹೆಚ್ಚುಕಡಿಮೆ ಮಾಮೂಲಿಯಾಗಿ ಓಡಾಡಿಕೊಂಡಿರುತ್ತದೆ. ಹಾಗಾದರೆ ಇಲಿ ಸುಳ್ಳು ಹೇಳಿತೇ? ಏಕೆ ಓಡಾಡುತ್ತದೆ ಎಂದು ಕೇಳಿದವರಿಗೆ ಉತ್ತರ ಸಿಕ್ಕಿತು. ಯುಟ್ರೋಫಿನ್ ಎಂಬ ಸೋದರ ಪ್ರೊಟೀನು ಇಲಿಯಲ್ಲಿ ಖಾಲಿ ಜಾಗ ತುಂಬುತ್ತದೆ, 1997ರಲ್ಲಿ ಎರಡನ್ನೂ ತೆಗೆದಾಗ ಇಲಿಗೂ ತೀವ್ರ ರೋಗ ಬಂತು. ಆ ಸುಳಿವು ಹಿಡಿದು ಹೊರಟ ಒಂದು ಔಷಧ 2018ರಲ್ಲಿ ಮನುಷ್ಯರ ಪರೀಕ್ಷೆಯಲ್ಲಿ ಸೋತಿತು ಎಂಬುದನ್ನೂ ಮುಚ್ಚಿಡಬಾರದು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೆಟ್ಟದ್ದು ಎಲ್ಲಿ, ಹೇಗೆ ಎಂಬ ಪ್ರಶ್ನೆಗೆ ಇಲಿ ಒಳ್ಳೆಯ ಸಾಕ್ಷಿ. ಮದ್ದು ಯಾವುದು ಎಂಬ ಪ್ರಶ್ನೆಗೆ ಅದರ ಮಾತನ್ನು ಪಾಟೀಸವಾಲಿಲ್ಲದೆ ಒಪ್ಪಬಾರದು. ಇಲಿಯಲ್ಲಿ ವಾಸಿಯಾಯಿತು ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ಹಂಚುವವರು ಈ ಎರಡು ಪ್ರಶ್ನೆಗಳನ್ನು ಬೆರೆಸಿಬಿಡುತ್ತಾರೆ.

ಮದ್ದೇ ಇಲ್ಲದ ಮೇಲೆ ಹೆಸರು ಗೊತ್ತಾಗಿ ಏನು ಪ್ರಯೋಜನ ಎಂಬುದು ಎರಡನೆಯ ಆಕ್ಷೇಪ. ಕೆಲವಕ್ಕೆ ಮದ್ದಿದೆ, ಅವು ಸಿಗುವುದು ಹೆಸರು ಗೊತ್ತಾದವರಿಗೆ ಮಾತ್ರ. ಟಾಟರಿಂಗ್ ಎಂಬ ಇಲಿ ಬಹುಹೊತ್ತು ಹೆಚ್ಚುಕಡಿಮೆ ಸರಿಯಾಗಿದ್ದು, ಹೆದರಿಕೆಯೋ ಕೆಫೀನೋ ತಾಗಿದಾಗ ಇದ್ದಕ್ಕಿದ್ದಂತೆ ಕೈಕಾಲು ಸೊಟ್ಟಗಾಗಿ ಬೀಳುತ್ತದೆ. ಕ್ಯಾಲ್ಸಿಯಮ್ಮಿನ ಒಂದು ಬಾಗಿಲು ಕೆಟ್ಟಿದೆ ಎಂದು 1996ರಲ್ಲಿ ಪತ್ತೆಯಾಯಿತು. ಅದೇ ವಂಶವಾಹಿ ಕೆಟ್ಟ ಮನುಷ್ಯರಿಗೂ ಒತ್ತಡದಲ್ಲಿ, ದಣಿವಿನಲ್ಲಿ ಗಂಟೆಗಟ್ಟಲೆ ತೂರಾಟ ಬಂದು ಹೋಗುತ್ತದೆ. ಹಲವರನ್ನು ನಾಟಕ ಮಾಡುತ್ತಾರೆಂದು ಬೈದದ್ದೂ ಇದೆ. ಅವರಲ್ಲಿ ಅನೇಕರಿಗೆ ಅಸಿಟಜೋಲಮೈಡ್ ಎಂಬ ಹಳೆಯ, ಅಗ್ಗದ ಮಾತ್ರೆಯಿಂದ ಗುಣ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಪಿತ್ತಜನಕಾಂಗ ವಿಟಮಿನ್ ಇ ಅನ್ನು ರಕ್ತಕ್ಕೆ ದಾಟಿಸಲಾರದು, ಮಗು ಹದಿಹರೆಯದಲ್ಲಿ ಎಡವತೊಡಗುತ್ತದೆ. ಅದೇ ದೋಷದ ಇಲಿಗಳಿಗೆ ಹೆಚ್ಚು ವಿಟಮಿನ್ ಇ ಕೊಟ್ಟಾಗ ತೂರಾಟ ಬರಲೇ ಇಲ್ಲ. ಮನುಷ್ಯರಲ್ಲೂ ಬೇಗ ಶುರುಮಾಡಿದರೆ ರೋಗ ಅಲ್ಲಿಗೇ ನಿಲ್ಲುತ್ತದೆ. ಎಟಿಎಂ ಕೆಟ್ಟ ಮಗುವಿಗೆ ಕ್ಯಾನ್ಸರ್ ಬಂದಾಗ ಮಾಮೂಲಿ ಪ್ರಮಾಣದ ವಿಕಿರಣ ಚಿಕಿತ್ಸೆ ಕೊಟ್ಟರೆ ಅದರಿಂದಲೇ ಭಾರಿ ಹಾನಿಯಾದೀತು, ಮೊದಲೇ ತಿಳಿದಿದ್ದರೆ ಜೀವ ಉಳಿಯುತ್ತದೆ. ನರ ದೌರ್ಬಲ್ಯಕ್ಕೆಂದು ಚುಚ್ಚುವ ವಿಟಮಿನ್ ಬಿ12 ಇಂಜೆಕ್ಷನ್ನನ್ನೂ ನಾನು ಅಲ್ಲಗಳೆಯುತ್ತಿಲ್ಲ. ಸಸ್ಯಾಹಾರಿಗಳಲ್ಲಿ ಅದರ ಕೊರತೆ ಸಾಮಾನ್ಯ, ಕೊರತೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿ ಕತ್ತಲಲ್ಲಿ ಹೆಜ್ಜೆ ತಪ್ಪುವುದೂ ನಿಜ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಇದ್ದರೆ ಅದೇ ಸರಿಯಾದ ಔಷಧ. ಪರೀಕ್ಷೆಯಿಲ್ಲದೆ ಎಲ್ಲರಿಗೂ ಅದನ್ನೇ ಚುಚ್ಚಿ ಆರು ತಿಂಗಳು ಕಾಯುವುದು ತಪ್ಪು, ಏಕೆಂದರೆ ಬೇರೆ ಕಾರಣವಿದ್ದವರಿಗೆ ಆ ಆರು ತಿಂಗಳು ಮರಳಿ ಬರುವುದಿಲ್ಲ.

ವಂಶವಾಹಿಯಲ್ಲಿ ಬರೆದದ್ದು ಹಣೆಬರಹ, ಹುಡುಕಿ ಏಕೆ ಎದೆಗುಂದಬೇಕು ಎನ್ನುವವರಿಗೂ ಇಲಿಯೇ ಉತ್ತರ ಕೊಟ್ಟಿದೆ. ಹಂಟಿಂಗ್ಟನ್ ಕಾಯಿಲೆಯ ವಂಶವಾಹಿ ಹೊತ್ತ ಇಲಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಗೂಡಿಗೆ ರಟ್ಟಿನ ತುಂಡು, ಕಾಗದ, ಕೊಳವೆಗಳಂಥ ವಸ್ತುಗಳನ್ನು ಹಾಕಿ ಬದಲಾಯಿಸುತ್ತಿದ್ದರು. ಬರಿಗೂಡಿನ ಇಲಿಗಳಿಗಿಂತ ಅವುಗಳಲ್ಲಿ ಚಲನೆಯ ತೊಂದರೆ ತಡವಾಗಿ ಬಂತು ಎಂದು 2000ದಲ್ಲಿ ವರದಿಯಾಯಿತು. ವಂಶವಾಹಿ ಒಂದೇ, ರೋಗ ಬಂದ ಕಾಲ ಬೇರೆ. ಪ್ರಾಣಿಗಳನ್ನು ಹೀಗೆ ಬಳಸುವುದು ಸರಿಯೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1998ರಲ್ಲಿ ಬಂದ ನಿಯಮಗಳ ಪ್ರಕಾರ ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಉತ್ತರ ಸಿಗುವ ಕಡೆ ಇಲಿಯನ್ನು ಬಳಸಬಾರದು. ಆದರೆ ತಟ್ಟೆಯಲ್ಲಿನ ಕೋಶ ನಡೆಯುವುದಿಲ್ಲ. ನಡಿಗೆಯ ಪ್ರಶ್ನೆ ಕೇಳಲು ನಡೆಯುವ ಜೀವವೊಂದು ಬೇಕೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಯ ಓದುಗರಿಗೆ ಒಂದು ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇಲಿಯ ಗೂಡಿನ ಮೇಲೆ ಚೀಟಿ ಇರುತ್ತದೆ, ತಂದೆ ಯಾರು, ತಾಯಿ ಯಾರು, ಹುಟ್ಟಿದ ದಿನ ಯಾವುದು ಎಂದು. ಥಾಣೆ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಕುಟುಂಬಗಳಿಗೆ ಆ ಚೀಟಿ ಊರಿನಲ್ಲೇ ಉಳಿದಿದೆ. ಇಲ್ಲಿನ ನರತಜ್ಞರ ಎದುರು ಕೂತವರಿಗೆ ಉಡುಪಿಯಲ್ಲಿದ್ದ ದೊಡ್ಡಪ್ಪನ ಕೈ ಯಾವ ವಯಸ್ಸಿನಲ್ಲಿ ನಡುಗತೊಡಗಿತು, ವಿಜಯಪುರದ ಅತ್ತೆ ಹಾಸಿಗೆ ಹಿಡಿದದ್ದು ಯಾಕೆ ಎಂದು ಗೊತ್ತಿರುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ವಿಟಮಿನ್ ಇ ದಾಟದ ದೋಷವೂ ಎಟಿಎಂ ದೋಷವೂ ತಂದೆ ತಾಯಿ ಇಬ್ಬರಿಂದ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವಂಥವು. ಮುಂದಿನ ಸಲ ಊರಿಗೆ ಫೋನು ಮಾಡಿದಾಗ ಹಿರಿಯರನ್ನು ಕೇಳಿ ಮೂರು ತಲೆಮಾರಿನ ಪಟ್ಟಿ ಮಾಡಿಕೊಳ್ಳಿ, ಯಾರಿಗೆ, ಯಾವ ವಯಸ್ಸಿನಲ್ಲಿ, ಮೊದಲು ಕೆಟ್ಟದ್ದು ಕೈಯೋ ಕಾಲೋ ಮಾತೋ, ಯಾರು ಯಾರನ್ನು ಮದುವೆಯಾದರು. ಆ ಪಟ್ಟಿ ಕೈಯಲ್ಲಿದ್ದರೆ ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ವೈದ್ಯರು ನಿರ್ಧರಿಸಬಹುದು, ಬೇಡದ ಹತ್ತು ಪರೀಕ್ಷೆಗಳ ಖರ್ಚು ಉಳಿಯಬಹುದು. ನರ ದೌರ್ಬಲ್ಯ ಎಂದು ಯಾರಾದರೂ ಬರೆದುಕೊಟ್ಟರೆ ಎರಡೇ ಪ್ರಶ್ನೆ ಕೇಳಿ, ಕೆಟ್ಟಿರುವುದು ಯಾವ ಜಾಗ, ಅದು ಹೇಗೆ ಗೊತ್ತಾಯಿತು. ಎರಡಕ್ಕೂ ಉತ್ತರ ಬರದಿದ್ದರೆ ಔಷಧ ಕೊಳ್ಳುವ ಮೊದಲು ಇನ್ನೊಬ್ಬ ವೈದ್ಯರನ್ನು ಕಾಣುವುದು ಲೇಸು.